ಮಗನನ್ನು ತಾಯಿಯೊಳಗಿಂದ ಕಡೆದದ್ದು

ಮಿಲಾನಿನ ಸ್ಫೋರ್ಜಾ ಕೋಟೆಯ ಅಂಗಳ ದಾಟಿ, ಹಿಂದೊಮ್ಮೆ ಸ್ಪೇನಿನ ಸೈನಿಕರ ಆಸ್ಪತ್ರೆಯಾಗಿದ್ದ ಉದ್ದನೆಯ ಕೋಣೆಯೊಳಕ್ಕೆ ಬನ್ನಿ. ಕೋಣೆ ಹೆಚ್ಚುಕಮ್ಮಿ ಖಾಲಿ. ನೋಡಬೇಕೆಂದು ಬಂದ ಶಿಲ್ಪ, ಸತ್ತ ಕ್ರಿಸ್ತನನ್ನು ತಾಯಿ ಮೇರಿ ಹಿಡಿದಿರುವ ಮೈಕೆಲ್ಯಾಂಜೆಲೊನ ಪಿಯೆತಾ, ನಿಮಗೆ ಬೆನ್ನು ಹಾಕಿ ನಿಂತಿದೆ. ಬಿಲ್ಲಿನಂತೆ ಬಾಗಿದ ಮೇರಿಯ ಬೆನ್ನು ಅದು. ಇಲ್ಲಿಂದ ನೋಡಿದರೆ ತಾಯಿ ಸತ್ತ ಮಗನನ್ನು ಎತ್ತಿ ಹಿಡಿದಂತಿಲ್ಲ, ಮಗನೇ ತಾಯಿಯನ್ನು ಹೊತ್ತು ನಡೆಯುತ್ತಿರುವಂತಿದೆ.

ಈಗ ಸುತ್ತಿ ಮುಂದಕ್ಕೆ ಬನ್ನಿ. ನಿಮ್ಮ ಎಡಕ್ಕೆ, ಯಾರ ಮೈಗೂ ಸೇರದ ಒಂದು ತೋಳು ಇಳಿಬಿದ್ದಿದೆ. ದುಂಡಗೆ, ನುಣ್ಣಗೆ, ಪೂರ್ತಿ ಉಜ್ಜಿ ಮುಗಿಸಿದ ತೋಳು. 1550ರ ದಶಕದಲ್ಲಿ ಮೈಕೆಲ್ಯಾಂಜೆಲೊ ಮೊದಲು ಕಡೆದಿದ್ದ ಕ್ರಿಸ್ತನದು. ಆ ಕ್ರಿಸ್ತ ಅವನಿಗೆ ಸರಿಕಾಣಲಿಲ್ಲ, ಬಹುಪಾಲು ಒಡೆದುಹಾಕಿದ. ಆದರೆ ಹೊಸ ಕ್ರಿಸ್ತನಿಗೆ ಕಲ್ಲು ಎಲ್ಲಿಂದ ತರಬೇಕು? ಉಳಿದಿದ್ದದ್ದು ಮೇರಿಯ ಮೈ ಒಂದೇ. ಅವಳ ಎದೆ, ಹೆಗಲುಗಳ ಅಮೃತಶಿಲೆಯನ್ನೇ ಅಗೆದು ಮಗನ ತಲೆ, ಮುಂಡಗಳನ್ನು ತೆಗೆದ. ಹಾಗಾಗಿಯೇ ಇಬ್ಬರೂ ಇಷ್ಟು ತೆಳ್ಳಗಿದ್ದಾರೆ, ಎಲ್ಲಿ ಅವಳು ಮುಗಿದು ಇವನು ಶುರುವಾಗುತ್ತಾನೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಹತ್ತಿರ ಹೋಗಿ. ಕ್ರಿಸ್ತನ ಕಾಲುಗಳು ಹಳೆಯ ವಿನ್ಯಾಸದವು, ಹೊಳೆಯುತ್ತವೆ. ಎದೆ, ಮುಖಗಳ ಮೇಲೆ ಮಾತ್ರ ಹಲ್ಲುಳಿಯ ಗೀರುಗಳು ಒಂದರ ಪಕ್ಕ ಒಂದು, ಉತ್ತು ಬಿಟ್ಟ ಹೊಲದ ಸಾಲುಗಳಂತೆ. ಇಪ್ಪತ್ತರ ಹರೆಯದಲ್ಲಿ ಇವನೇ ರೋಮಿನಲ್ಲಿ ಕಡೆದ ಪಿಯೆತಾದಲ್ಲಿ ಇಂಥ ಒಂದು ಗೀರೂ ಕಾಣದು. ಅಲ್ಲಿ ಮೇರಿಯ ಎದೆಪಟ್ಟಿಯ ಮೇಲೆ ತನ್ನ ಹೆಸರನ್ನೂ ಕೆತ್ತಿದ್ದ. ಪುನರುಜ್ಜೀವನ ಕಾಲ ಕೊಂಡಾಡಿದ ಮೈಕಟ್ಟು, ಅಳತೆ, ಮೆರುಗು ಎಲ್ಲವನ್ನೂ ಸಾಧಿಸಿದ್ದವನು ಇಲ್ಲಿ ಅವನ್ನು ತನ್ನ ಕೈಯಾರೆ ಕಿತ್ತುಹಾಕುತ್ತಿದ್ದಾನೆ. ಇದನ್ನು ಅಪೂರ್ಣ ಎಂದು ಬದಿಗಿಡಲು ನನಗೆ ಮನಸ್ಸು ಬಾರದು. ನನ್ನ ಮಟ್ಟಿಗೆ ಅವನ ಅತ್ಯಂತ ದಿಟ್ಟ ಕೆಲಸ ಇದೇ.

1564ರ ಫೆಬ್ರವರಿ, ಕಾರ್ನಿವಲ್ ಭಾನುವಾರದ ಹಿಂದಿನ ದಿನ. ಎಂಬತ್ತೆಂಟರ ಮುದುಕ ಇಡೀ ದಿನ ನಿಂತುಕೊಂಡೇ ಈ ಶಿಲ್ಪದ ಮೇಲೆ ದುಡಿದನೆಂದು ಶಿಷ್ಯ ದಾನಿಯೆಲೆ ದ ವೊಲ್ತೆರ್ರಾ ಪತ್ರದಲ್ಲಿ ಬರೆದಿದ್ದಾನೆ. 18ರಂದು ಮೈಕೆಲ್ಯಾಂಜೆಲೊ ತೀರಿಕೊಂಡ.

ಹೊರಡುವ ಮುನ್ನ ಮೇರಿಯ ಮುಸುಕಿನ ಬದಿಯನ್ನು ನೋಡಿ. ಅಲ್ಲಿ ಇನ್ನೊಂದು ಮುಖದ ಗುರುತು ಉಳಿದಿದೆ, ಅವಳ ಮೊದಲ ಮುಖದ್ದು. ಅದು ಬೇರೆ ದಿಕ್ಕಿಗೆ ತಿರುಗಿತ್ತು. ಮಗನ ಜೊತೆ ತಾಯಿಯ ಮುಖವನ್ನೂ ಅವನು ಮತ್ತೆ ಕಡೆದ; ಈಗ ಅದು ಮಗನ ತಲೆಯ ಕಡೆಗೆ ಬಾಗಿದೆ.