ಎಸ್.ಪಿ. ರಸ್ತೆಯಲ್ಲಿ ತೋಪಡ ಯಂತ್ರದ ಬೇಟೆ

ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದವರಿಗೆ ಮೊದಲು ಸಿಗುವುದು ಹೂವಿನ ವಾಸನೆ. ಅದನ್ನು ಹಿಂದೆ ಬಿಟ್ಟು, ಕೈಗಾಡಿಗಳಿಗೂ ಸ್ಕೂಟರುಗಳಿಗೂ ದಾರಿ ಕೊಡುತ್ತ ಸ್ವಲ್ಪ ದೂರ ನಡೆದರೆ ಗ್ರೀಸು, ರಬ್ಬರು, ಹೊಸದಾಗಿ ಬಣ್ಣ ಬಳಿದ ಕಬ್ಬಿಣದ ವಾಸನೆ ಶುರುವಾಗುತ್ತದೆ. ಅದೇ ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಬೆಂಗಳೂರಿನವರೇ ಒಂದು ಕ್ಷಣ ಯೋಚಿಸಿಯಾರು, ಎಸ್.ಪಿ. ರಸ್ತೆ ಎಂದರೆ ಸಾಕು.

ಶಿವನಸಮುದ್ರದಲ್ಲಿ ಹುಟ್ಟಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದಾಗ ಮೊದಲು ಬೆಳಗಿದ್ದು ಈ ಪೇಟೆ ಭಾಗದ ಬೀದಿದೀಪಗಳು. ಇಂದು ಅದೇ ಪೇಟೆಯಲ್ಲಿ ವಿದ್ಯುತ್ತಿನಿಂದ ತಿರುಗುವ ಯಾವ ವಸ್ತು ಬೇಕಾದರೂ ಸಿಗುತ್ತದೆ. ಪ್ರಾಜೆಕ್ಟಿನ ಬಿಡಿಭಾಗ ಹುಡುಕುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲಿನ ಹಳೆಯ ಗಿರಾಕಿಗಳು. ಅವರ ಜೊತೆಗೆ ಐಟಿಐ ಮುಗಿಸಿದವರು, ಒಳಾಂಗಣ ವಿನ್ಯಾಸ ಓದುವವರು, ಮನೆಯ ಶೆಡ್ಡಿನಲ್ಲೇ ಮರಗೆಲಸ ಶುರು ಮಾಡುವ ಆಸೆಯವರೂ ಬರುತ್ತಾರೆ. ಹಿಂದೆಯೇ ಚೀಲ ಹಿಡಿದ ತಂದೆಯೋ ತಾಯಿಯೋ ಇರುವುದುಂಟು. ದುಡ್ಡು ಅವರದು. ಚಿಂತೆ ದುಡ್ಡಿನದಷ್ಟೇ ಅಲ್ಲ, ಮಕ್ಕಳ ಬೆರಳಿನದೂ ಹೌದು.

ಹುಡುಗರು ವಿಡಿಯೋಗಳಲ್ಲಿ ನೋಡಿ ಬಂದು ಕೇಳುವುದು ‘ಜಾಯಿಂಟರ್’. ತೊಡಕು ಆರಂಭವಾಗುವುದು ಅಲ್ಲೇ. ಅದು ಅಮೆರಿಕದವರು ಇಟ್ಟುಕೊಂಡ ಹೆಸರು. ಇಲ್ಲಿ ಆ ಯಂತ್ರಕ್ಕೆ ಸರ್ಫೇಸ್ ಪ್ಲೇನರ್ ಎನ್ನುತ್ತಾರೆ, ಹಿಂದಿಯವರ ಬಾಯಲ್ಲಿ ಅದು ರಂದಾ ಮಶೀನ್. ಬರೀ ಪ್ಲೇನರ್ ಎಂದು ಕೇಳಿದರೆ, 82 ಮಿಲಿಮೀಟರ್ ಅಗಲದ, ಕೈಯಲ್ಲಿ ಹಿಡಿದು ಬಾಗಿಲಿನ ಅಂಚು ಸವರುವ ಪುಟ್ಟ ಯಂತ್ರವನ್ನು ಗಲ್ಲಾದ ಮೇಲೆ ತಂದಿಟ್ಟಾರು. ಅಮೆರಿಕದವರು ಪ್ಲೇನರ್ ಎನ್ನುವುದು ಇನ್ನೊಂದನ್ನು. ನಮ್ಮಲ್ಲಿ ಅದು ತಿಕ್‌ನೆಸರ್. ಹೆಸರಿನ ಜಗಳಕ್ಕೆ ಹೋಗದೆ, ಎರಡು ಕಬ್ಬಿಣದ ಮೇಜು, ನಡುವೆ ತಿರುಗುವ ಬ್ಲೇಡು ಇರುವ ಯಂತ್ರ ಎಂದು ಕೈಯಲ್ಲಿ ತೋರಿಸುವುದು ಮೇಲು.

ಅದರ ಕೆಲಸ ಏನೆಂಬುದು ಬಡಗಿಗಳ ಉದ್ದ ತೋಪಡವನ್ನು ಕಂಡವರಿಗೆ ಬೇಗ ತಿಳಿಯುತ್ತದೆ. ಗಿಡ್ಡ ತೋಪಡ ಹಲಗೆಯ ಉಬ್ಬುತಗ್ಗುಗಳನ್ನು ಹತ್ತಿಳಿದು ಸಾಗುತ್ತದೆ. ಉದ್ದದ್ದು ಉಬ್ಬಿನಿಂದ ಉಬ್ಬಿಗೆ ಕೂತು, ಅವನ್ನೇ ಕೆತ್ತುತ್ತ ಕೊನೆಗೆ ನೇರ ಮಾಡುತ್ತದೆ. ಯಂತ್ರವೆಂದರೆ ಅದೇ ತೋಪಡವನ್ನು ಅಂಗಾತ ಮಲಗಿಸಿದಂತೆ. ಮುಂದಿನ ಮೇಜು ಎಷ್ಟು ಕೆತ್ತಬೇಕೋ ಅಷ್ಟು ತಗ್ಗಿನಲ್ಲಿರುತ್ತದೆ, ಹಿಂದಿನ ಮೇಜು ಬ್ಲೇಡಿನ ತುದಿಗೆ ಸರಿಸಮ. ಹಪ್ಪಳದಂತೆ ಸೊಟ್ಟಗಾದ ಹಲಗೆಯ ಒಂದು ಮುಖ ಮೊದಲು ಸಪಾಟಾಗುತ್ತದೆ, ಆಮೇಲೆ ಆ ಮುಖಕ್ಕೆ ಮೂಲೆಮಟ್ಟವಾಗಿ ಒಂದು ಅಂಚು. ತಿಕ್‌ನೆಸರ್ ಒಂದೇ ಇದ್ದರೆ ಈ ಕೆಲಸ ನೆಟ್ಟಗಾಗದು. ಅದರ ರೋಲರುಗಳು ಸೊಟ್ಟ ಹಲಗೆಯನ್ನು ಒತ್ತಿ ಹಿಡಿಯುತ್ತವೆ. ಹೊರಗೆ ಬಂದೊಡನೆ ಹಲಗೆ ಮತ್ತೆ ಸೊಟ್ಟ, ತೆಳ್ಳಗಾದದ್ದಷ್ಟೇ ಲಾಭ.

ಅನುಭವಿ ಅಂಗಡಿಕಾರರು ಬೆಲೆ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳುತ್ತಾರೆ: “ಎಷ್ಟುದ್ದ ಹಲಗೆ ಹೊಡೀತೀಯ ತಮ್ಮಾ? ಮೊದ್ಲು ಅದ್ನ ಹೇಳು.” ಎರಡೂ ಮೇಜು ಸೇರಿ ಎಷ್ಟು ಉದ್ದವೋ ಅದರ ಎರಡರಷ್ಟು ಉದ್ದದ ಹಲಗೆಯನ್ನು ಯಂತ್ರ ಸಲೀಸಾಗಿ ನೇರ ಮಾಡುತ್ತದೆ ಎಂಬುದು ಕಸುಬಿನವರ ಲೆಕ್ಕ. ಎರಡೂವರೆ ಅಡಿ ಮೇಜಿನ ಯಂತ್ರ ಸ್ಟೂಲಿಗೂ ಪುಸ್ತಕದ ಕಪಾಟಿಗೂ ಆದೀತು. ಏಳಡಿಯ ಬಾಗಿಲುವಾಡಕ್ಕೆ ಕನಿಷ್ಠ ನಾಲ್ಕಡಿಯದು ಬೇಕು. ಅಗಲ ಆರಂಗುಲವಿದ್ದರೆ ಮನೆಯ ಮಟ್ಟಿಗೆ ಸಾಕು. ಆದರೆ ಹಲಸು, ತೇಗದ ಅಗಲ ಹಲಗೆಗಳ ಮೇಲೆ ಕಣ್ಣಿದ್ದವರು ಎಂಟಂಗುಲ ಕೇಳುತ್ತಾರೆ, ಅದೂ ನ್ಯಾಯವೇ.

ಬಣ್ಣ ನೋಡಿ ಮರುಳಾಗುವವರೇ ಹೆಚ್ಚು. ನೋಡಬೇಕಾದದ್ದು ಮೇಜು. ಹೋಗುವಾಗ ನೇರವಾದ ಉಕ್ಕಿನ ಪಟ್ಟಿಯೊಂದನ್ನೂ ಮೂಲೆಮಟ್ಟವನ್ನೂ ಚೀಲದಲ್ಲಿಟ್ಟುಕೊಂಡು ಹೋದರೆ ಅಂಗಡಿಯವರ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಪಟ್ಟಿಯನ್ನು ಎರಡೂ ಮೇಜಿನ ಮೇಲೆ ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಬೆಳಕು ಇಣುಕುವುದೇ ನೋಡಬೇಕು. ಇನ್ನೂ ಒಳ್ಳೆಯ ಪರೀಕ್ಷೆಯೆಂದರೆ ಎರಡು ತುಂಡು ಹಲಗೆಗಳ ಅಂಚನ್ನು ಅದೇ ಯಂತ್ರದಲ್ಲಿ ಸವರಿಸಿ, ಒಂದನ್ನು ತಿರುಗಿಸಿ, ಅಂಚಿಗೆ ಅಂಚು ಕೂಡಿಸಿ ಬೆಳಕಿಗೆ ಹಿಡಿಯುವುದು. ಯಂತ್ರದ ಕೋನದಲ್ಲಿ ಕೂದಲೆಳೆಯ ತಪ್ಪಿದ್ದರೂ ಇಲ್ಲಿ ಎರಡರಷ್ಟಾಗಿ ಕಾಣುತ್ತದೆ. ಓಡಿಸಿ ತೋರಿಸಲು ಒಪ್ಪದ ಅಂಗಡಿಯ ಮೆಟ್ಟಿಲು ಇಳಿಯಲು ಸಂಕೋಚ ಬೇಡ.

ಒಂದೇ ಯಂತ್ರದಲ್ಲಿ ತೋಪಡ, ಗರಗಸ, ತೂತು ಕೊರೆಯುವ ಡ್ರಿಲ್ಲು ಎಲ್ಲವೂ ಸೇರಿದ ಕಂಬೈಂಡ್ ಮಶೀನುಗಳು ಇಲ್ಲಿ ಬಹು ಜನಪ್ರಿಯ. ಜಾಗ ಕಡಿಮೆ, ದುಡ್ಡೂ ಉಳಿತಾಯ ಎಂದು ತಂದೆತಾಯಂದಿರ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಇವುಗಳಲ್ಲಿ ಅನೇಕಕ್ಕೆ ಒಂದೇ ಶಾಫ್ಟು. ಹಲಗೆ ಸವರುತ್ತಿರುವಾಗ ಪಕ್ಕದಲ್ಲಿ ಗರಗಸವೂ ಭರ್ರನೆ ಸುತ್ತುತ್ತಿರುತ್ತದೆ. ಕಲಿಯುವ ಹುಡುಗರ ಕೈಗೆ ಇಂಥದ್ದನ್ನು ಕೊಡದಿರುವುದೇ ಕ್ಷೇಮ.

ಬ್ಲೇಡು ಕೂರಿಸಿದ ಬ್ಲಾಕು ದುಂಡಗಿರಬೇಕು, ಚೌಕವಿರಬಾರದು. ಚೌಕದ ಬ್ಲಾಕು ಬೆರಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೈಯಿಂದ ತಳ್ಳುವ ಯಂತ್ರಕ್ಕೆ ದುಂಡು ಬ್ಲಾಕೇ ಇರಬೇಕೆಂದು ಕಾರ್ಖಾನೆಗಳ ನಿಯಮ ಹೇಳುತ್ತದೆ. ಮನೆಯ ಶೆಡ್ಡಿಗೆ ಆ ನಿಯಮ ತಟ್ಟುವುದಿಲ್ಲ. ಬೆರಳು ಮಾತ್ರ ಎರಡು ಕಡೆಯೂ ಒಂದೇ. ಬ್ಲೇಡಿನ ಮೇಲಿನ ಗಾರ್ಡು ಡಬ್ಬದಲ್ಲಿ ಇದೆಯೇ, ತೆಗೆದಿಟ್ಟಿದ್ದಾರೆಯೇ ಎಂದು ಕೇಳಿ ನೋಡಬೇಕು. ಒಂದಡಿಗಿಂತ ಗಿಡ್ಡ ತುಂಡನ್ನು ಇದರ ಮೇಲೆ ತಳ್ಳಬಾರದು. ತಳ್ಳಲು ಮರದ ಹಿಡಿ ಬೇಕು, ಕೈಗವಸು ಕೂಡದು. ಹಳೆಯ ಮನೆ ಕೆಡವಿದ ಮರವನ್ನು ಅಗ್ಗವೆಂದು ತಂದರೆ ಮೊದಲು ಮೊಳೆ ಹುಡುಕಬೇಕು.

ಮೋಟಾರಿನ ವಿಷಯ ಹೆಚ್ಚಿಲ್ಲ. ಮನೆಯಲ್ಲಿರುವುದು ಸಾಮಾನ್ಯವಾಗಿ 230 ವೋಲ್ಟಿನ ಸಿಂಗಲ್ ಫೇಸ್. ಒಂದೆರಡು ಎಚ್.ಪಿ. ಮೋಟಾರಿಗೆ 16 ಆಂಪಿಯರಿನ ಪ್ರತ್ಯೇಕ ಲೈನು ಎಳೆಸಿದರೆ ಆಯಿತು. ಪಕ್ಕದ ಮನೆಯವರ ಸಹನೆಗೆ ಮಾತ್ರ ಯಾವ ಅಂಗಡಿಯೂ ಗ್ಯಾರಂಟಿ ಕೊಡುವುದಿಲ್ಲ!

ಇಷ್ಟೆಲ್ಲ ಕೇಳಿದ ಮೇಲೆ ಯಂತ್ರ ಈಗಲೇ ಬೇಕೇ ಎಂಬ ಪ್ರಶ್ನೆ ಹೆತ್ತವರಿಗೆ ಬಂದರೆ ಅದು ಸರಿಯಾದ ಪ್ರಶ್ನೆಯೇ. ಮಾರುಕಟ್ಟೆಯಿಂದ ಅದೇ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಮಲ್ಲೇಶ್ವರ. ಅಲ್ಲಿ 18ನೇ ಅಡ್ಡರಸ್ತೆಯಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರಗೆಲಸದ ಯಂತ್ರಗಳ ತರಬೇತಿಯೂ ಉಂಟು. ಯಂತ್ರದ ಮುಂದೆ ಹೇಗೆ ನಿಲ್ಲಬೇಕೆಂದು ಕಲಿತು ಬಂದವರು ಕೊಳ್ಳುವಾಗಲೂ ಮೋಸ ಹೋಗುವುದು ಕಡಿಮೆ. ತಿಂಗಳಿಗೆ ಒಂದು ಸ್ಟೂಲು ಮಾಡುವವರಿಗೆ ಉದ್ದದ ಕೈತೋಪಡವೂ ಒಂದು ಸಾಣೆಕಲ್ಲೂ ಸಾಕು. ನಿಧಾನ ನಿಜ, ಕೆಲಸ ಅಷ್ಟೇ ನೇರ.

ಕೊಳ್ಳುವುದೇ ಎಂದು ತೀರ್ಮಾನಿಸಿದವರು ಭಾನುವಾರ ಬಿಟ್ಟು ಬರಬೇಕು, ಅಂದು ಬಹುಪಾಲು ಅಂಗಡಿಗಳಿಗೆ ರಜೆ. ಬಿಲ್ಲು ಪಡೆದು, ಬದಲಿ ಬ್ಲೇಡು ಅಲ್ಲೇ ಸಿಗುವುದೇ ವಿಚಾರಿಸಿ, ಗೂಡ್ಸ್ ಆಟೋ ಮಾತಾಡಬೇಕು. ಎತ್ತುವ ಹಮಾಲರಿಗೆ ಮೇಜಿನ ತುದಿ ಹಿಡಿಯದೆ ಅಡಿಯ ಪೀಠ ಹಿಡಿಯುವಂತೆ ಹೇಳಬೇಕು. ತುದಿ ಹಿಡಿದು ಎತ್ತಿದರೆ, ಅಂಗಡಿಯಲ್ಲಿ ಪಟ್ಟಿ ಇಟ್ಟು ನೋಡಿದ ಆ ನೇರ ಪುರಭವನ ದಾಟುವಷ್ಟರಲ್ಲಿ ತಪ್ಪಿರುತ್ತದೆ.