ಬಯಲುಸೀಮೆಯಿಂದ ಹವಳದ್ವೀಪಗಳಿಗೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಾಡಿನ ಅತಿ ಕಡಿಮೆ ಮಳೆಯ ಪ್ರದೇಶಗಳ ಸಾಲಿಗೆ ಸೇರಿದವು. ಕಲ್ಲುಬೆಟ್ಟ, ಕಾವಲು, ಶೇಂಗಾ ಹೊಲ, ಬತ್ತಿದ ಹಳ್ಳ ಇವೇ ಇಲ್ಲಿಯವರ ಕಣ್ಣಿಗೆ ಪರಿಚಿತವಾದ ನೋಟಗಳು. ಇಂತಹ ನೆಲದ ಗೃಹಸ್ಥರು ಕ್ರಿಸ್‌ಮಸ್ ರಜೆಯಲ್ಲಿ ಹಡಗನ್ನೇರಿ ಕಡಲ ನಡುವಣ ದ್ವೀಪಗಳನ್ನು ನೋಡಿಬರುವುದು ಒಂದು ತಲೆಮಾರಿನ ಹಿಂದೆ ಊಹೆಗೂ ನಿಲುಕದ ಸಂಗತಿಯಾಗಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳಿಗೆ ವರ್ಷಾಂತ್ಯದಲ್ಲಿ ಬಿಡುವು ದೊರೆಯುವುದರಿಂದ ಈಗ ಅದು ಸಾಧ್ಯವಾಗಿದೆ. ಕೊಳವೆಬಾವಿ ಬತ್ತಿರುವಾಗ ಇಷ್ಟು ಹಣ ತೆತ್ತು ಉಪ್ಪುನೀರನ್ನು ನೋಡಲು ಹೋಗಬೇಕೆ ಎಂದು ಮನೆಯ ಹಿರಿಯರು ಕೇಳುವುದುಂಟು. ಪ್ರಶ್ನೆ ಸಾಧುವಾದುದೇ. ಅಂತಹ ಕೆಲವು ಕುಟುಂಬಗಳೊಡನೆ ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ನಮಗೆ ತೋರಿದ ಉತ್ತರವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಡಲಿಗೂ ಈ ಸೀಮೆಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಅಲ್ಲಿಯೇ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ ದೊರೆತ ಒಂದು ಬಗೆಯ ಮಡಕೆಚೂರುಗಳು, ರೋಮನ್ ವ್ಯಾಪಾರದ ಕುರುಹುಗಳುಳ್ಳ ಪೂರ್ವ ಕರಾವಳಿಯ ಅರಿಕಮೇಡಿನಲ್ಲಿ ಸಿಕ್ಕ ಚೂರುಗಳ ಜಾತಿಯವೇ ಆಗಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯಂತೂ ರೋಮನ್ ನಾಣ್ಯಗಳೇ ದೊರೆತಿವೆ. ಇನ್ನು ಲಕ್ಷದ್ವೀಪದ ಮಾತು. ಅದರ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ಕನ್ನಡನಾಡು ಒಂದಾದ ಆ ವರ್ಷದ ನವೆಂಬರ್ 1ರಂದೇ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು.

ಬೆಂಗಳೂರಿನಲ್ಲಿ ಸಂಜೆ ರೈಲನ್ನೇರಿದರೆ ಬೆಳಗಾಗುವಾಗ ಎರ್ನಾಕುಲಂ. ಅಲ್ಲಿಂದ ಕೊಚ್ಚಿಯ ಬಂದರು ಹತ್ತಿರವೇ ಇದೆ. ದ್ವೀಪಪ್ರವೇಶಕ್ಕೆ ಮುಂಗಡವಾಗಿ ಅನುಮತಿ ಪತ್ರ ಪಡೆದಿರಬೇಕು. ಮುಂಗಾರಿನಲ್ಲಿ ಉಗ್ರವಾಗುವ ಕಡಲು ಡಿಸೆಂಬರಿನಲ್ಲಿ ಶಾಂತವಾಗಿರುವುದರಿಂದ ವೃದ್ಧರೂ ಮಕ್ಕಳೂ ಹೆಚ್ಚು ಬಳಲದೆ ಪಯಣಿಸಬಹುದು. ರಾತ್ರಿಯೆಲ್ಲ ಹಡಗಿನಲ್ಲಿ, ಹಗಲೆಲ್ಲ ದ್ವೀಪದಲ್ಲಿ. ಇದು ನಮ್ಮ ಯಾತ್ರೆಯ ಕ್ರಮವಾಗಿತ್ತು. ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಯುವಾಗ ಅಲೆಯೊಡನೆ ದೋಣಿ ಏರಿಳಿಯುವುದರಿಂದ ಸೀರೆ ಉಟ್ಟ ತಾಯಂದಿರು ಎಚ್ಚರದಿಂದಿರಬೇಕು.

ಊಟದ ವಿಷಯದಲ್ಲಿ ಭಕ್ತರಿಗೆ ಸಂಕೋಚವಿರುವುದು ಸಹಜ. ಹಡಗಿನಲ್ಲಿ ಮೀನು ಮಾಂಸಗಳ ಅಡುಗೆ ಇರುತ್ತದೆ. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸುವುದು ಒಳಿತು. ನಮ್ಮ ಜೊತೆಗಿದ್ದ ತಾಯಂದಿರು ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಧಾರಾಳವಾಗಿ ತಂದಿದ್ದರು. ಇಷ್ಟಲಿಂಗಪೂಜೆಗೆ ಹಡಗಿನ ಕಿರುಕೋಣೆಯೇ ಸಾಕಾಯಿತು. ಒಂದು ತಂಬಿಗೆ ಅಗ್ಘವಣಿ, ಸ್ವಲ್ಪ ಭಸ್ಮ, ಕರಸ್ಥಲದಲ್ಲಿ ಲಿಂಗ. ನೆಲವೇ ಕಾಣದ ಎಡೆಯಲ್ಲಿಯೂ ನಿತ್ಯಕರ್ಮಕ್ಕೆ ಲೋಪ ಬರಲಿಲ್ಲ.

ಹವಳದ ದಿಬ್ಬ ಅಲೆಗಳನ್ನು ತಡೆದುದರಿಂದ ಅದರ ಒಳಗಿನ ನೀರು ಕೆರೆಯಂತೆ ತಿಳಿಯಾಗಿರುತ್ತದೆ. ಒಮ್ಮೆ ಹಸಿರು, ಒಮ್ಮೆ ನೀಲಿ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣದ ನೂಲು ಹಾಕಿದ ರೇಷ್ಮೆಯಂತಿದೆಯಲ್ಲ ಎಂದು ಮೊಳಕಾಲ್ಮೂರಿನ ನೇಕಾರ ಬಂಧುವೊಬ್ಬರು ಉದ್ಗರಿಸಿದರು. ಆದರೆ ಈ ಚೆಲುವು ಅಳಿವಿನಂಚಿನಲ್ಲಿದೆ. ಕಡಲು ಅತಿಯಾಗಿ ಕಾದ 1998, 2010 ಮತ್ತು 2016ರಲ್ಲಿ ಇಲ್ಲಿಯ ಹವಳದ ಜೀವಿಗಳು ಬಿಳಿಚಿ ಅಪಾರವಾಗಿ ಸತ್ತವು. ದಿಬ್ಬ ಕ್ಷೀಣಿಸಿದರೆ ದ್ವೀಪಕ್ಕೆ ಅಲೆಯಿಂದ ರಕ್ಷಣೆಯಿಲ್ಲ.

ನಮ್ಮವರನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು ಕುಡಿಯುವ ನೀರಿನ ಸಂಗತಿ. ಅಲ್ಲಿ ಬೀಳುವ ಮಳೆ ನಮ್ಮ ಸೀಮೆಯ ಮಳೆಯ ಮೂರು ಪಟ್ಟಿನಷ್ಟು. ಆದರೂ ಸಿಹಿನೀರು ಹವಳದ ಮರಳಿನಡಿಯಲ್ಲಿ, ಉಪ್ಪುನೀರಿನ ಮೇಲೆ, ತೆಳುವಾದ ಪದರವಾಗಿ ಮಾತ್ರ ನಿಲ್ಲುತ್ತದೆ. ಮಿತಿಮೀರಿ ಎತ್ತಿದರೆ ಬಾವಿಗೆ ಉಪ್ಪು ಏರುತ್ತದೆ. ಏರಿದ ಉಪ್ಪು ಬೇಗ ಇಳಿಯುವುದಿಲ್ಲ. ಆದಕಾರಣ ಛಾವಣಿಯ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಡುತ್ತಾರೆ. ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ 1 ಲಕ್ಷ ಲೀಟರು ಸಾಮರ್ಥ್ಯದ ಸ್ಥಾವರವೊಂದು ಆರಂಭವಾಯಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಕಡಲಾಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಂಪಾಗಿಸಿ ಸಿಹಿನೀರು ಪಡೆಯುವ ವಿಧಾನ ಅದು. ಚಳ್ಳಕೆರೆಯ ರೈತ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ, "ಇವರಿಗೆ ಬಾವಿಯ ತಳ ಕಾಣುತ್ತದೆ, ಅದಕ್ಕೆ ಅಂಜಿ ಸೇದುತ್ತಾರೆ. ನಮಗೆ ತಳವೇ ಕಾಣಲಿಲ್ಲ ಬುದ್ಧಿ, ಕೊರೆಸುತ್ತಲೇ ಹೋದೆವು" ಎಂದರು. ನಾವು ಅದಕ್ಕೆ ಸೇರಿಸಬೇಕಾದ ಮಾತೇನೂ ಇರಲಿಲ್ಲ.

ಹಣವಿದ್ದವರು ಹೋಗಿಬರಲಿ, ಸಾಲ ಮಾಡಿ ಹೋಗುವ ಅಗತ್ಯ ಯಾರಿಗೂ ಇಲ್ಲ. ಹೋದವರು ಶಂಖ, ಚಿಪ್ಪುಗಳಿಗೆ ಬದಲು ನೀರಿನ ಬಗೆಗಿನ ಆ ಅಂಜಿಕೆಯನ್ನು ಮನೆಗೆ ತಂದರೆ ವೆಚ್ಚ ಸಾರ್ಥಕ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಕೆರೆಗಳನ್ನು ಕಟ್ಟಿಸಿದ ಪುಣ್ಯಪುರುಷರೆಂದು ಈ ಸೀಮೆ ಇಂದಿಗೂ ಸ್ಮರಿಸುತ್ತದೆ. ಅವರ ಜಾತ್ರೆಗೆ ತಪ್ಪದೆ ಹೋಗುವ ನಾವು ನಮ್ಮ ಊರಿನ ಕೆರೆಯ ಹೂಳಿನ ಕಡೆಗೂ ಒಮ್ಮೆ ನೋಡಬೇಕು. ಮುಂದಿನ ಮುಂಗಾರಿಗೆ ಮುನ್ನ ಮನೆಯ ಮಾಳಿಗೆಯ ನೀರಿಗೆ ಒಂದು ತೊಟ್ಟಿ ಕಟ್ಟಿಸಲು ಹಡಗಿನ ವೆಚ್ಚದ ಒಂದು ಪಾಲು ಸಾಕು.