ಹೊಸ ಅರಿವಿಯ ಹಟ

ನಾನು ಕ್ವಿಲ್ಟ್ ಹೊಲಿಯಲು ಕಲಿತದ್ದು ವಿಡಿಯೊ ನೋಡಿ. ಉರುಳುವ ಬ್ಲೇಡಿನ ಕಟರ್, ಗೆರೆ ಎಳೆದ ಹಸಿರು ಮ್ಯಾಟು, ಪಾರದರ್ಶಕ ಸ್ಕೇಲು ಎಲ್ಲವನ್ನೂ ಕೊಂಡ ಮೇಲೆ ಇನ್ನೇನು ಬೇಕು ಅನ್ನಿಸಿತ್ತು. ತಂಗಿಯ ಮಗುವಿಗೆಂದು ಚಿಕ್ಕಪೇಟೆಯಿಂದ ಹೊಸ ಹತ್ತಿ ಬಟ್ಟೆ ತಂದೆ. ಬಿಳಿಯ ಪಕ್ಕ ಎದ್ದು ಕಾಣಲೆಂದು ಗಾಢ ಕೆಂಪು ಆರಿಸಿಕೊಂಡೆ.

ಚೌಕ ಜೋಡಿಸುವಾಗ ಅಂಚಿನಲ್ಲಿ ಕಾಲು ಇಂಚು ಬಿಡಬೇಕು ಎಂಬುದು ಈ ಕಸುಬಿನ ಮೊದಲ ನಿಯಮ. ನನ್ನ ಹೊಲಿಗೆ ಒಂದೆರಡು ನೂಲಿನಷ್ಟು ಒಳಗೆ ಸರಿಯುತ್ತಿತ್ತು. ಅಷ್ಟಕ್ಕೇನು ಎಂದು ಬಿಟ್ಟೆ. ಜೋಡಣೆಯ ಎರಡೂ ಬದಿಗೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಹೋದರೂ, 12 ಚೌಕಗಳ ಸಾಲಿನಲ್ಲಿ 11 ಜೋಡಣೆಗೆ ಒಂದೂಕಾಲು ಇಂಚಿಗಿಂತ ಹೆಚ್ಚೇ ನುಂಗಿಹೋಗುತ್ತದೆ. ಒಂದು ಸಾಲು ಗಿಡ್ಡ, ಇನ್ನೊಂದು ಉದ್ದ. ಎಳೆದು ಸರಿಮಾಡಿದೆ. ಒಳಗೆ ಪಾಲಿಯೆಸ್ಟರ್ ಪದರ ಹಾಕಿ ಮಷೀನಿನಲ್ಲೇ ಹೊಲಿದು ಕೊಟ್ಟೂಬಿಟ್ಟೆ. ಮೊದಲ ಒಗೆತಕ್ಕೆ ಕೆಂಪು ಬಣ್ಣ ಬಿಟ್ಟು ಬಿಳಿಯೆಲ್ಲ ಗುಲಾಬಿಯಾಯಿತು. ಹತ್ತಿ ಕುಗ್ಗಿತು, ಒಳಗಿನ ಪಾಲಿಯೆಸ್ಟರ್ ಕುಗ್ಗಲಿಲ್ಲ. ಎಲ್ಲೆಂದರಲ್ಲಿ ಸುಕ್ಕು. ತಂಗಿ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ನವಲಗುಂದದ ಕಡೆಯ ನಮ್ಮ ದೊಡ್ಡವ್ವ ಬೇಸಿಗೆಯಲ್ಲಿ ಹೊಲದ ಕೆಲಸ ತೆರವಾದಾಗ ಕೌದಿ ಹಾಕುತ್ತಾಳೆ. ಕೆಟ್ಟ ಕ್ವಿಲ್ಟನ್ನು ಚೀಲದಲ್ಲಿಟ್ಟುಕೊಂಡೇ ಅವಳ ಮನೆಗೆ ಹೋದೆ. ಅಂಚು ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದಳು.

"ಒಗದು ಕತ್ತರಿಸಿದ್ದೇನ?"

"ಇಲ್ಲ ದೊಡ್ಡವ್ವ, ಹೊಸಾ ಅರಿವಿ ಅದು."

"ಹೊಸಾದು ಅಂದ್ರ ಅದಕ್ಕಿನ್ನೂ ಬುದ್ಧಿ ಬಂದಿಲ್ಲ."

ಹಳೆಯ ಬಟ್ಟೆಯಲ್ಲಿ ಕೌದಿ ಹಾಕುವುದು ಬಡತನದ ಉಪಾಯ ಎಂದೇ ನಾನು ನಂಬಿದ್ದೆ. ಉಪಾಯ ಹೌದು. ಆದರೆ ವರ್ಷಗಟ್ಟಲೆ ಒಗೆಸಿಕೊಂಡ ಇಳಕಲ್ ಸೀರೆಯ ಒಡಲು ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವ ಬಣ್ಣ ಬಿಟ್ಟಾಗಿರುತ್ತದೆ, ಗಂಜಿ ಹೋಗಿ ಸೂಜಿಗೆ ದಾರಿ ಕೊಡುವಷ್ಟು ಮೆತ್ತಗಾಗಿರುತ್ತದೆ. ಪುಸ್ತಕಗಳು 'ಕತ್ತರಿಸುವ ಮೊದಲು ಒಗೆಯಿರಿ' ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದನ್ನು ಈ ಸೀರೆ ಮೈಮೇಲೆ ಇದ್ದಾಗಲೇ ಮುಗಿಸಿಕೊಂಡು ಬಂದಿರುತ್ತದೆ.

ಪಡಸಾಲೆಯಲ್ಲಿ ಹಳೆಯ ಸೀರೆ ಹಾಸಿ, ಮೇಲೆ ಧೋತರದ ಪದರ ಹರವಿ, ದೊಡ್ಡವ್ವ ಅದರ ಮೇಲೇ ಕೂತಳು. ಮೈಭಾರವೇ ಪದರಗಳನ್ನು ಹಿಡಿದಿಡುತ್ತದೆ, ಟಾಚಣಿ ಬೇಡ. ಚಿಂದಿಗಳ ಗಂಟಿನಲ್ಲಿ ಹರಿದ ಕುಬಸದ ಗುಳೇದಗುಡ್ಡದ ಖಣ ಇತ್ತು. ಅದನ್ನು ಮೂಲೆಗೆ ಇಟ್ಟು, ಅಂಚು ಒಳಗೆ ಮಡಚಿ, ಅಲ್ಲಿಂದಲೇ ಶುರುಮಾಡಿದಳು.

ನಾನು ಬಾಯಿ ಹಾಕಿದೆ. ನಡುವಿನಿಂದ ಹೊರಗೆ ಹೊಲಿಯಬೇಕಲ್ಲವೆ? ನಾನು ಕಲಿತದ್ದು ಹಾಗೆ. ಅವಳು ಉತ್ತರ ಕೊಡಲಿಲ್ಲ, ಹೊಲಿಯುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ನನಗೇ ತಿಳಿಯಿತು. ನನ್ನ ರೀತಿಯಲ್ಲಿ ಮೇಲಿನ ಹಾಸು ಮೊದಲೇ ಜೋಡಣೆಯಾಗಿರುವುದರಿಂದ ಸಡಿಲವನ್ನು ಅಂಚಿಗೆ ತಳ್ಳಿ ಕತ್ತರಿಸಿ ಹಾಕಬೇಕು. ಇಲ್ಲಿ ತುಂಡುಗಳನ್ನು ಒಂದೊಂದಾಗಿ ಇಡುತ್ತಾರೆ, ಹಿಂದಿನದರ ಸಡಿಲ ಮುಂದಿನದರ ಅಡಿಗೆ ಸೇರಿಹೋಗುತ್ತದೆ. ಅಂಚು ಮೊದಲೇ ಮುಗಿದಿರುವುದರಿಂದ ಕೊನೆಗೆ ಪಟ್ಟಿ ಕಟ್ಟುವ ತಲೆನೋವೂ ಇಲ್ಲ. ನನ್ನ ಒಂದೂಕಾಲು ಇಂಚಿನ ಪಾಪಕ್ಕೆ ಇಲ್ಲಿ ಜಾಗವೇ ಇರಲಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಯೂ ಹೀಗೆಯೇ ಅಂಚಿನಿಂದ ಒಳಕ್ಕೆ ಸುತ್ತುತ್ತ ಹೋಗುತ್ತದೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಕೂರಿಸುವ 'ಫುಲ' ಇಲ್ಲದಿದ್ದರೆ ಆ ಕವಂದಿ ಬತ್ತಲೆ ಇದ್ದಂತೆ ಎಂದು ಅವರ ಭಾವನೆ. ಅವುಗಳ ಚಿತ್ರ ನೋಡಿ ನಾನು ಬಣ್ಣಕ್ಕಷ್ಟೇ ಮರುಳಾಗಿದ್ದೆ, ಹೊಲಿಗೆಯ ದಿಕ್ಕು ಕಂಡಿರಲೇ ಇಲ್ಲ.

ನನಗೂ ಸೂಜಿ ಸಿಕ್ಕಿತು. ಬೇಗ ಮುಗಿಯಲಿ ಎಂದು ಮಾರುದ್ದ ದಾರ ಪೋಣಿಸಿದೆ. ಗಂಟು ಬಿತ್ತು, ಬಿಡಿಸಿದೆ, ಮತ್ತೆ ಬಿತ್ತು. ಆಮೇಲೆ ಸೂಜಿಯ ಕಣ್ಣಿನ ಹತ್ತಿರ ಸವೆದು ಕಿತ್ತೂ ಹೋಯಿತು. "ಮೊಳದ ಮ್ಯಾಲ ತಗೀಬ್ಯಾಡ" ಎಂದಳು. ಟಾಕು ಅಡಿಯ ಪದರಕ್ಕೆ ತಾಗಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ನಾನು ಪದೇ ಪದೇ ಕೌದಿ ಎತ್ತಿ ನೋಡುತ್ತಿದ್ದೆ. ಎತ್ತಿದಾಗೆಲ್ಲ ಧೋತರ ಜರುಗುತ್ತಿತ್ತು.

"ಎತ್ತಿ ನೋಡಬ್ಯಾಡ ತಂಗಿ, ಕೈಲೆ ನೋಡು."

ಎಡಗೈ ಅಡಿಯಲ್ಲಿಟ್ಟು, ಸೂಜಿಯ ಮೊನೆ ಬೆರಳಿಗೆ ತಾಗಿದೊಡನೆ ಮೇಲೆ ತಿರುಗಿಸಬೇಕು. ಬೆರಳು ಸಾಕಷ್ಟು ಚುಚ್ಚಿಸಿಕೊಂಡಿತು. ಸಂಜೆ ದೊಡ್ಡವ್ವ ನನ್ನ ಸಾಲುಗಳನ್ನು ಬಿಚ್ಚಿದಳು, ಒಂದು ಮಾತೂ ಆಡದೆ. ಒಂದನ್ನು ಮಾತ್ರ ಉಳಿಸಿದಳು. ಅದು ಚೆನ್ನಾಗಿತ್ತೋ, ಬಿಚ್ಚಿ ಬೇಸರವಾಯಿತೋ ಕೇಳಲು ಧೈರ್ಯವಾಗಲಿಲ್ಲ.

ನನ್ನ ಗುಲಾಬಿ ಕ್ವಿಲ್ಟನ್ನು ಅವಳು ಬಿಸಾಡಲು ಬಿಡಲಿಲ್ಲ. ಪಾಲಿಯೆಸ್ಟರ್ ಕಿತ್ತು ತೆಗೆದು, "ಈಗ ಬುದ್ಧಿ ಬಂದೈತಿ, ಹಚ್ಚಬಹುದು" ಎಂದು ಚೌಕಗಳನ್ನು ಗಂಟಿಗೆ ಸೇರಿಸಿದಳು.

ಆದರೂ ಕೌದಿಯ ಎಲ್ಲವನ್ನೂ ನಾನು ಒಪ್ಪಲಾರೆ. ನೆನೆದರೆ ಹಿಂಡಲು ಇಬ್ಬರು ಬೇಕು. ಬಯಲುಸೀಮೆಯ ಬಿಸಿಲಲ್ಲಿ ಒಣಗುವುದು ಬೆಂಗಳೂರಿನ ಮಳೆಗಾಲದ ಬಾಲ್ಕನಿಯಲ್ಲಿ ಒಣಗದೆ ಮುಗ್ಗಲು ನಾರುತ್ತದೆ. ದೊಡ್ಡವ್ವ ಲೆಕ್ಕ ಹಾಕಿ ಕೊಟ್ಟ ಪದರಗಳಲ್ಲಿ ತಂಗಿಯ ಮಗುವಿನ ಕೌದಿಗೆ ನಾನು ಎರಡನ್ನಷ್ಟೇ ಹಾಕಿದೆ. ಅವಳಿಗಿನ್ನೂ ಹೇಳಿಲ್ಲ.